ರಾಜನ ಎದೆಯ ಮೇಲಿನ ಹಂದಿ

ಕುಮಟೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ನಾಗಪತಿ ಮಾಸ್ತರನಿಗೆ ಲೋಕದಲ್ಲಿ ಇನ್ಯಾರ ಮೇಲೂ ಹೊಟ್ಟೆಕಿಚ್ಚಿರಲಿಲ್ಲ. ಹೆಡ್‌ಮಾಸ್ತರರ ಹೊಸ ಸೈಕಲ್ಲು ಕಂಡಾಗಲೂ ಇಲ್ಲ, ಪಾಲಿನಲ್ಲಿ ಒಳ್ಳೆಯ ತೆಂಗಿನ ತೋಟವೆಲ್ಲ ತಮ್ಮನ ಕಡೆ ಹೋದಾಗಲೂ ಇಲ್ಲ. ಇದ್ದಬದ್ದ ಕಿಚ್ಚನ್ನೆಲ್ಲ ಕೂಡಿಸಿ ಒಬ್ಬನ ಮೇಲೆ ಇಟ್ಟಿದ್ದ. ಅವನು ಕೃಷ್ಣಾನಂದ, ಒಂದೇ ಓಣಿಯಲ್ಲಿ ಆಡಿ ಬೆಳೆದ ಗೆಳೆಯ.

ಕಾರಣ ಬೆಳ್ಳಿ ರೂಪಾಯಿ. ಸ್ವಾತಂತ್ರ್ಯ ಬಂದ ಮೇಲೆ ಊರ ಮಂದಿ ಹಳೆಯ ಬೆಳ್ಳಿಯ ನಾಣ್ಯಗಳನ್ನು ಅಕ್ಕಸಾಲಿಗನ ಕೈಗೆ ಕೊಟ್ಟು ಗೆಜ್ಜೆ, ಉಡಿದಾರ ಮಾಡಿಸುತ್ತಿದ್ದರು. ಅದನ್ನು ನೋಡಲಾರದೆ ನಾಗಪತಿ ಕೂಡಿಡಲು ಶುರುಮಾಡಿದ. ಸಾಗುವಾನಿಯ ಪೆಟ್ಟಿಗೆ, ಒಳಗೆ ನೀಲಿ ಮಕಮಲ್ಲು, ಒಂದೊಂದು ನಾಣ್ಯಕ್ಕೂ ಒಂದೊಂದು ಗುಂಡನೆಯ ಕುಳಿ. ಎಲ್ಲದರ ಕತೆಯೂ ಅವನಿಗೆ ಬಾಯಿಪಾಠ. ಕಂಪನಿ ಕಾಲದ ರೂಪಾಯಿಯಲ್ಲಿ ವಿಕ್ಟೋರಿಯಾ ಇನ್ನೂ ಕೂದಲಿಗೆ ಪಟ್ಟಿ ಕಟ್ಟಿದ ಹುಡುಗಿ. ಕಂಪನಿ ಹೋಗಿ ರಾಜ್ಯ ಅವಳದಾದ ಮೇಲೆ ತಲೆಗೆ ಕಿರೀಟ ಬಂತು. ಅವಳ ಮಗ ಎಡ್ವರ್ಡನಿಗೆ ಮತ್ತೆ ಕಿರೀಟವಿಲ್ಲ, ಬೋಳುತಲೆ.

ಒಂದು ಕುಳಿ ಮಾತ್ರ ಖಾಲಿ. ಅದು ೧೯೧೧ರ ರೂಪಾಯಿಯದು, ಐದನೆಯ ಜಾರ್ಜ್ ಪಟ್ಟಕ್ಕೆ ಬಂದ ಮೇಲಿನ ಮೊದಲ ನಾಣ್ಯ. ದೊರೆಯ ನಿಲುವಂಗಿಯ ಮೇಲೆ ಒಂದು ಸರ, ಸರದ ನಡುವೆ ಒಂದು ಆನೆ. ಕೆತ್ತಿದ ಪುಣ್ಯಾತ್ಮ ಸೊಂಡಿಲನ್ನು ಗಿಡ್ಡ ಮಾಡಿಬಿಟ್ಟ. ಜನ ನೋಡಿ, ಇದು ಆನೆಯಲ್ಲ, ಹಂದಿ ಎಂದರು. ಮುಸಲ್ಮಾನರೂ ಹಿಂದೂಗಳೂ ಮುಟ್ಟಲು ಹೇಸಿದರು. ಸರಕಾರ ಗಾಬರಿಯಾಗಿ ನಾಣ್ಯಗಳನ್ನು ವಾಪಸು ಪಡೆದು ಕರಗಿಸಿ, ಮರುವರ್ಷ ಸೊಂಡಿಲು ಉದ್ದಮಾಡಿ ಹೊಸದು ಹೊಡೆಸಿತು. ಹೀಗೆ ತಪ್ಪಿಸಿಕೊಂಡು ಉಳಿದವು ಅಪರೂಪ. ಆ ಒಂದು ಸಿಕ್ಕರೆ ತನ್ನ ಸಾಲು ತುಂಬಿತು ಎಂದು ನಾಗಪತಿ ಒಂಬತ್ತು ವರ್ಷದಿಂದ ಹುಡುಕುತ್ತಿದ್ದ.

ಕೃಷ್ಣಾನಂದನಿಗೆ ಈ ಕತೆಗಳೆಲ್ಲ ಗೆಳೆಯನ ಬಾಯಿಂದ ಕೇಳಿದಷ್ಟೇ ಗೊತ್ತು. ಅವನು ಜೀವವಿಮೆ ಏಜೆಂಟ. ಭಟ್ಕಳದಿಂದ ಕುಮಟೆಯವರೆಗೆ ಅವನು ಕಾಲಿಡದ ಮನೆಯಿಲ್ಲ, ಕಾಲಿಟ್ಟ ಮನೆಯಲ್ಲಿ ಅವನಿಗೆ ಏನಾದರೂ ಸಿಗದೆ ಇರುವುದಿಲ್ಲ. ನಾಗಪತಿ ಒಮ್ಮೆ ಮಾವಳ್ಳಿಯ ಒಂದು ಮನೆಗೆ ಹೋಗಿ, ಮಜ್ಜಿಗೆ ಕುಡಿದು, ಹಳೆಯ ನಾಣ್ಯ ಇಲ್ಲವೆಂದು ಕೇಳಿಸಿಕೊಂಡು ಬಂದಿದ್ದ. ತಿಂಗಳು ಕಳೆಯುವಷ್ಟರಲ್ಲಿ ಅದೇ ಮನೆಯವರು ಗೋಡೆ ಕೆಡವುವಾಗ ಸಿಕ್ಕಿದ ಕಂಪನಿ ರೂಪಾಯಿಯನ್ನು ಕೃಷ್ಣಾನಂದನ ಕೈಯಲ್ಲಿಟ್ಟರು. ಅವನು ತಂದು, "ಇದೆಂತದು ಮಾರಾಯಾ, ನೋಡು" ಎಂದ. ನಾಗಪತಿ, ಅಂಥದು ತನ್ನಲ್ಲಿದೆ ಎಂದು ನಗುತ್ತಲೇ ವಿವರಿಸಿ ಮರಳಿ ಕೊಟ್ಟ. ಆಮೇಲೆ ಎರಡು ದಿನ ಊಟ ರುಚಿಸಲಿಲ್ಲ.

೧೯೬೧ರ ದೀಪಾವಳಿ ಅಮಾವಾಸ್ಯೆಯ ದಿನ ಮಧ್ಯಾಹ್ನ ಕೃಷ್ಣಾನಂದ ಭಟ್ಕಳದಿಂದ ಬಂದ. ಹೊನ್ನಾವರದಲ್ಲಿ ಹೊಳೆ ದಾಟುವಾಗ ತೊಯ್ದ ಧೋತರ ಇನ್ನೂ ಒಣಗಿರಲಿಲ್ಲ, ಮನೆಗೂ ಹೋಗದೆ ನೇರ ನಾಗಪತಿಯ ಜಗಲಿ ಹತ್ತಿದ. ಕರವಸ್ತ್ರದ ಗಂಟು ಬಿಚ್ಚಿ, "ನೀ ಹೇಳ್ತಾ ಇದ್ದದ್ದು ಇದೇಯಾ ನೋಡು. ಅಲ್ಲೊಬ್ರು ಬಟ್ಟೆ ಸಾಹುಕಾರ್ರು ಕೊಟ್ರು. ಅವರ ಅಜ್ಜ ಇದನ್ನ ಅಂಗಡಿಯ ಗಲ್ಲೆಪೆಟ್ಟಿಗೆಗೆ ಹಾಕದೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ರಡ" ಎಂದ.

ನಾಗಪತಿ ಭೂತಗನ್ನಡಿ ಹಿಡಿದ. ೧೯೧೧. ದೊರೆಯ ಎದೆಯ ಮೇಲೆ ಗಿಡ್ಡ ಮೂತಿಯ ಪ್ರಾಣಿ, ಈಗಷ್ಟೇ ಕೆತ್ತಿದಷ್ಟು ಚೊಕ್ಕ. ಒಂಬತ್ತು ವರ್ಷ ಹುಡುಕಿದವನು ತಾನು, ಸಿಕ್ಕಿದ್ದು ವಿಮೆ ಮಾರುವವನಿಗೆ.

"ಇದೇ" ಎಂದ.

"ಖರೆ ಅಲ್ದಾ?" ಕೃಷ್ಣಾನಂದನ ಮುಖ ಅರಳಿತು. ನಾಣ್ಯವನ್ನು ಮತ್ತೆ ಗಂಟು ಕಟ್ಟಿಕೊಂಡ. "ನಾಳೆ ಪಾಡ್ಯ. ಬೆಳಿಗ್ಗೆ ಮನೇಲೇ ಇರು, ಬತ್ತೆ. ಒಂದು ಕೆಲ್ಸ ಇದ್ದು."

ಎಂತ ಕೆಲಸ? ಹಬ್ಬದ ದಿನ ಮತ್ತೊಮ್ಮೆ ಬಂದು ಮೆರೆಯುವ ಕೆಲಸ. ನಾಗಪತಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ.

ಸಂಜೆಯಾಗುವ ಮೊದಲೇ ಅವನು ಕೃಷ್ಣಾನಂದನ ಮನೆಗೆ ಹೋದ. ಗೆಳೆಯ ಹೂವು ತರಲು ಪೇಟೆಗೆ ಹೋಗಿದ್ದ. ಅವನ ತಾಯಿ ಗಂಗಮ್ಮ ಲಕ್ಷ್ಮೀಪೂಜೆಗೆ ಇಡುವ ಬೆಳ್ಳಿ ರೂಪಾಯಿಗಳನ್ನು ಹುಣಸೆಹಣ್ಣು, ಒಲೆಬೂದಿ ಹಾಕಿ ತಿಕ್ಕುತ್ತಿದ್ದಳು. ಆ ಸದ್ದಿಗೇ ನಾಗಪತಿಗೆ ಮೈ ಪರಚಿದಂತಾಗುತ್ತಿತ್ತು. ವರ್ಷ ವರ್ಷ ತಿಕ್ಕಿ ಅವಳು ಎಡ್ವರ್ಡನಿಗೆ ಗಡ್ಡವೂ ಇಲ್ಲದಂತೆ ಮಾಡಿದ್ದಳು.

"ಅದೊಂದನ್ನ ಮಾತ್ರ ಮುಟ್ಟೂಲಾಗ ಹೇಳಿಕ್ಕೆ ಹೋಯ್ದ" ಎಂದು ಅವಳು, ಮಗ ಮುಟ್ಟಬೇಡವೆಂದು ಗೂಡಿನಲ್ಲಿ ಇಟ್ಟುಹೋಗಿದ್ದ ಕರವಸ್ತ್ರದ ಗಂಟು ತೋರಿಸಿದಳು. "ಅದ್ರಲ್ಲಿ ಎಂತ ಇದ್ದು ತಮಾ?"

ನಾಗಪತಿ ದನಿ ತಗ್ಗಿಸಿದ. ಮನಸ್ಸಿನಲ್ಲಿ ದಾರಿಯುದ್ದಕ್ಕೂ ಹೆಣೆದುಕೊಂಡು ಬಂದ ಮಾತು. "ಹೇಳೂದೋ ಬೇಡವೋ ಗೊತ್ತಾಗ್ತಿಲ್ಲೆ ಆಯಿ. ಹಬ್ಬದ ದಿನ ಮನೆಯೊಳಗೆ ಇಡೂ ವಸ್ತು ಅಲ್ಲ ಅದು. ಅದ್ರ ಮೇಲೆ ಹಂದಿ ಇದ್ದು."

ಗಂಗಮ್ಮ ಕೈ ತೊಳೆದುಕೊಂಡು ಬಂದಳು. ಅವನು ಗಂಟು ಬಿಚ್ಚಿ, ಭೂತಗನ್ನಡಿ ಕೊಟ್ಟು, ಉಗುರಿನ ತುದಿಯಿಂದ ಜಾಗ ತೋರಿಸಿದ. ಮುದುಕಿ ಶೀ ಎನ್ನುತ್ತಾಳೆ, ಇದನ್ನು ಎಲ್ಲಾದರೂ ಒಗೆದು ಬಾ ತಮಾ ಎನ್ನುತ್ತಾಳೆ, ತಾನು ಒಲ್ಲದ ಮನಸ್ಸಿನವನಂತೆ ಕಿಸೆಗೆ ಹಾಕಿಕೊಂಡು ಎದ್ದುಬಿಡುವುದು. ಅಷ್ಟೇ ಅವನ ಲೆಕ್ಕ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ನಾಣ್ಯವನ್ನು ಕಣ್ಣಿಗೊತ್ತಿಕೊಂಡಳು.

"ವರಾಹಸ್ವಾಮಿ" ಎಂದಳು. "ಭೂಮಿಯನ್ನ ಕೋರೆಯಲ್ಲಿ ಎತ್ತಿದವ. ಲಕ್ಷ್ಮಿಯ ಗಂಡ. ಅವನನ್ನ ಗಂಟು ಕಟ್ಟಿ ಗೂಡಿನಲ್ಲಿ ಇಟ್ಟಿದ್ನಲ್ಲ, ಈ ಮಾಣಿಗೆ ಎಂತ ಹೇಳೂದು."

ನಾಗಪತಿ ನಾಣ್ಯಕ್ಕೆ ಕೈ ಚಾಚಿದ. "ಆಯಿ, ಅದು ಖರೆ ಹಂದಿ ಅಲ್ಲ. ಆನೆ. ಸೊಂಡಿಲು ಗಿಡ್ಡ ಆಯ್ದು, ಅಷ್ಟೇ."

"ಆನೆ ಆದ್ರೂ ಆತು. ಗಜಲಕ್ಷ್ಮಿಯ ಬದಿಗೆ ಆನೆ ಬೇಕೇ ಅಲ್ದಾ?" ಎನ್ನುತ್ತ ಗಂಗಮ್ಮ ಹುಣಸೆಹಣ್ಣಿನ ಬಟ್ಟಲು ಹತ್ತಿರ ಎಳೆದುಕೊಂಡಳು. ಅವನು ಬೇಡ ಎನ್ನುವಷ್ಟರಲ್ಲಿ ದೊರೆಯ ಮೂಗಿಗೆ ಬೂದಿ ಬಿದ್ದಿತ್ತು.

ಕೃಷ್ಣಾನಂದ ಹೂವಿನ ಪೊಟ್ಟಣ ಹಿಡಿದು ಬಂದಾಗ ೧೯೧೧ರ ರೂಪಾಯಿ ಹರಿವಾಣದ ನಡುವೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಅವನು ಬಾಗಿಲಲ್ಲೇ ನಿಂತ.

"ಇನ್ನು ಇದು ಮನೆ ಬಿಟ್ಟು ಹೋಗೂಲಾಗ" ಎಂದಳು ಗಂಗಮ್ಮ. "ನಾಗಪತಿ ತೋರಿಸಿಕೊಟ್ಟ. ಇಲ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲೆ."

ಪೂಜೆ ಮುಗಿದು, ಪ್ರಸಾದ ಹಿಡಿದು ಇಬ್ಬರೂ ಜಗಲಿಗೆ ಬಂದರು. ಕೃಷ್ಣಾನಂದ, "ನಾಳೆ ಬೆಳಿಗ್ಗೆ ಅದನ್ನ ನಿನ್ನ ಪೆಟ್ಟಿಗೆಯ ಕುಳಿಯಲ್ಲಿ ನಾನೇ ಇಡೂದು ಹೇಳಿ ಯೋಚನೆ ಮಾಡಿದ್ದೆ" ಎಂದ. "ಎಷ್ಟು ವರ್ಷದಿಂದ ಹುಡುಕ್ತಿದ್ದೆ ನೀನು. ನಂಗೆ ಆ ನಾಣ್ಯ ಎಲ್ಲ ಎಂತಕ್ಕೆ? ನಿನ್ನ ಸಲುವಾಗೇ ಕಂಡಕಂಡವರ ಮನೇಲಿ ಕೇಳ್ತಿದ್ದೆ. ಆದ್ರೆ ಪೂಜೆಗೆ ಕೂತ ಲಕ್ಷ್ಮಿಯ ಹೊರಗೆ ಕೊಡೂ ಪದ್ಧತಿ ಇಲ್ಲೆ, ನಿಂಗೂ ಗೊತ್ತಿದ್ದು. ಆಯಿಗೆ ಎಂತಕ್ಕೆ ಹೇಳಿದೆ ಮಾರಾಯಾ?"

"ಸುಮ್ನೆ ಮಾತಿಗೆ ಬಂತು" ಎಂದ ನಾಗಪತಿ. ಕೈಯಲ್ಲಿದ್ದ ಪ್ರಸಾದ ಬಾಯಿಗೆ ಹೋಗಲಿಲ್ಲ. ಗೆಳೆಯ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಬೈಯಲಿಲ್ಲ, ಮತ್ತೆ ಆ ಮಾತೂ ಎತ್ತಲಿಲ್ಲ. ನಾಣ್ಯ ತರುವುದನ್ನು ಮಾತ್ರ ನಿಲ್ಲಿಸಿದ.

ಅಲ್ಲಿಂದ ಮುಂದೆ ನಾಣ್ಯ ದೇವರ ಪೀಠ ಸೇರಿ ದಿನವೂ ಹುಣಸೆಹಣ್ಣು, ಬೂದಿಯಲ್ಲಿ ತಿಕ್ಕಿಸಿಕೊಳ್ಳತೊಡಗಿತು, ಪ್ರತಿ ದೀಪಾವಳಿಗೂ ಗಂಗಮ್ಮನ ಕರೆ ತಪ್ಪಲಿಲ್ಲ. ಓಣಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು, ಕತೆ ಹೇಳು ತಮಾ ಎನ್ನುತ್ತಿದ್ದಳು. ನಾಗಪತಿ ದೊರೆ, ಸರ, ಗಿಡ್ಡ ಸೊಂಡಿಲು ಎಲ್ಲ ಹೇಳಬೇಕು. ಹೇಳುವಾಗ ಕಣ್ಣು ನಾಣ್ಯದ ಮೇಲೆ. ಮೊದಲ ವರ್ಷ ಸರದ ಕೊಂಡಿಗಳು ಸವೆದವು. ಮೂರನೆಯ ವರ್ಷ ಪ್ರಾಣಿಯ ಕಾಲು. ಕೃಷ್ಣಾನಂದನ ಮೇಲಿದ್ದ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ, ಈಗ ಅವನಿಗೆ ಆ ಹುಣಸೆಹಣ್ಣನ್ನು ಕಂಡರೂ ಉರಿಯುತ್ತಿತ್ತು. ದಿನಾ ಮುಟ್ಟಿ ತಿಕ್ಕುವ ಭಾಗ್ಯ ಅದಕ್ಕೆ.

೧೯೬೮ರಲ್ಲಿ ಕಾಗಾಲದಿಂದ ಬಂದಿದ್ದ ಹೊಸ ಸೊಸೆಯೊಬ್ಬಳು ಭೂತಗನ್ನಡಿ ಕಣ್ಣಿಗೆ ಹಿಡಿದು, ನಾಣ್ಯ ಅತ್ತಿತ್ತ ತಿರುಗಿಸಿ, "ಎಲ್ಲಿದ್ದು ಮಾಸ್ತರರೇ? ನಂಗೆ ಎಂತದೂ ಕಾಣ್ತಿಲ್ಲೆ" ಎಂದಳು.

ನಾಗಪತಿ ನೋಡಿದ. ದೊರೆಯ ಎದೆ ಹೊಳೆಯ ಕಲ್ಲಿನಷ್ಟು ನುಣುಪಾಗಿತ್ತು. ಬಾಗಿಲ ಬಳಿ ಕೂತಿದ್ದ ಕೃಷ್ಣಾನಂದ ತಲೆಯೆತ್ತಿ ಅವನನ್ನೇ ನೋಡುತ್ತಿದ್ದ.

ನಾಗಪತಿ ಉಗುರಿನ ತುದಿಯಿಂದ ಖಾಲಿ ಬೆಳ್ಳಿಯನ್ನು ಮುಟ್ಟಿ ತೋರಿಸಿದ.

"ಇಲ್ಲೇ ಇದ್ದು" ಎಂದ.