ಕುಯ್ಯದೆ ಉಳಿದ ದಾರ

ನಾನು ಒಂದು ರೀಲು. ಗಾಳದ ಕೋಲಿನ ಬುಡದಲ್ಲಿ ಮೈತುಂಬ ದಾರ ಸುತ್ತಿಕೊಂಡು ಕೂರುತ್ತೇನೆ. ಮೀನು ಎಳೆದಾಗ ದಾರ ಬಿಡುವುದು, ಅದು ದಣಿದಾಗ ಸುತ್ತಿಕೊಳ್ಳುವುದು, ಇಷ್ಟೇ ನನ್ನ ಕಸುಬು.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಚಳಿ ದೇಶದ ಕಾರ್ಖಾನೆಯಲ್ಲಿ. ಕನ್ನಡಕದ ಹೆಂಗಸೊಬ್ಬಳು ನನ್ನ ಹಿತ್ತಾಳೆಯ ಹಲ್ಲುಚಕ್ರಗಳನ್ನು ಜೋಡಿಸಿ, ಎಣ್ಣೆ ಬಿಟ್ಟು, ಹಿಡಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಕೇಳಿದಳು. ನಾನು ಕರ್‌ರ್ ಎಂದೆ. ಅವಳು ತಲೆಯಾಡಿಸಿ ನನ್ನನ್ನು ಪೆಟ್ಟಿಗೆಗೆ ಹಾಕಿದಳು. ಸಮುದ್ರದ ದೊಡ್ಡ ಮೀನುಗಳಿಗೆಂದು ಮಾಡಿದ ರೀಲು ನಾನು. ಆದರೆ ನನ್ನ ಹಣೆಯಲ್ಲಿ ಬರೆದಿದ್ದದ್ದು ಹೊಳೆಯ ನೀರು.

ನನ್ನನ್ನು ಕೊಂಡವರು ಕೊಡಗಿನ ಮಂದಣ್ಣ. ಸೈನ್ಯದಿಂದ ನಿವೃತ್ತರಾಗಿದ್ದ ಅವರು ಪ್ರತಿ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಜೀಪು ಹತ್ತಿ ಕಾವೇರಿಯ ಕಣಿವೆಗೆ ಇಳಿಯುತ್ತಿದ್ದರು. ಎರಡೂ ಕಡೆ ಕುರುಚಲು ಗುಡ್ಡ, ನಡುವೆ ಕರಿಬಂಡೆಗಳನ್ನು ಸೀಳಿಕೊಂಡು ಹರಿಯುವ ಹೊಳೆ. ದಡದ ಮತ್ತಿ ಮರಗಳ ಕೆಳಗೆ ಒಂದು ಮೀನುಗಾರಿಕೆಯ ಕ್ಯಾಂಪು ಇತ್ತು. ಅಲ್ಲಿಗೆ ಬರುವವರು ತಿನ್ನಲು ಮೀನು ಹಿಡಿಯುತ್ತಿರಲಿಲ್ಲ. ಆಳುದ್ದದ ಮಹಸೀರ್ ಮೀನನ್ನು ಗಾಳಕ್ಕೆ ಸಿಕ್ಕಿಸಿ, ಗಂಟೆಗಟ್ಟಲೆ ಸೆಣಸಿ ದಡಕ್ಕೆ ತಂದು, ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೆ ಬಿಡುತ್ತಿದ್ದರು. ಹಾಗೆ ಬಿಡುವುದೇ ಅಲ್ಲಿನ ಕಾನೂನು.

ಮಂದಣ್ಣನವರಿಗೆ ದಾರಿ ತೋರಿಸುವ ಗೈಡು ಮುತ್ತುರಾಯ. ಪಕ್ಕದ ಹಳ್ಳಿಯವನು, ಬೆಸ್ತರ ಮನೆಯವನು. ಒಂದು ಕಾಲದಲ್ಲಿ ಅದೇ ಹೊಳೆಯಲ್ಲಿ ಕದ್ದು ಬಲೆ ಬೀಸುತ್ತಿದ್ದವನನ್ನು ಕ್ಯಾಂಪಿನವರು ಖಾಕಿ ಅಂಗಿ ತೊಡಿಸಿ ಗೈಡು ಮಾಡಿದ್ದರು. ಮೀನು ಯಾವ ಮಡುವಿನಲ್ಲಿ ಮಲಗುತ್ತದೆ, ಯಾವ ಬಂಡೆಯ ಸಂದಿಗೆ ನುಗ್ಗುತ್ತದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಬಿದಿರಿನ ದುಂಡು ತೆಪ್ಪಕ್ಕೆ ಹುಟ್ಟು ಹಾಕುತ್ತಿದ್ದವನು ಅವನ ತಮ್ಮ ರಾಚ. ರಾಗಿ ಹಿಟ್ಟಿಗೆ ಮಸಾಲೆ ಕಲಸಿ, ಬೇಯಿಸಿ, ಗಾಳಕ್ಕೆ ಸಿಕ್ಕಿಸುವ ಉಂಡೆ ಕಟ್ಟುವುದೂ ಅವನ ಕೆಲಸವೇ. ಮಾತು ಕಡಿಮೆ. ತೆಪ್ಪದಲ್ಲಿ ಕೂತರೆ ಕಣ್ಣು ಸದಾ ನೀರಿನ ಮೇಲೆ.

ಮುತ್ತುರಾಯನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅವನು ಮತ್ತೆ ಮದುವೆಯಾಗಲಿಲ್ಲ. ತಮ್ಮನ ಜೊತೆಯಲ್ಲೇ ಇದ್ದ. ರಾಚನ ಹೆಂಡತಿ ಹೊಂಬಾಳಮ್ಮ ಇಬ್ಬರಿಗೂ ಮುದ್ದೆ ಬೇಯಿಸಿ ಬುತ್ತಿ ಕಟ್ಟಿ ಕಳಿಸುತ್ತಿದ್ದಳು.

ಮಂದಣ್ಣನವರಿಗೆ ವಯಸ್ಸಾಯಿತು. ಕೋಲು ಹಿಡಿದರೆ ಕೈ ನಡುಗತೊಡಗಿತು. ಕೊನೆಯ ಸಲ ಬಂದಾಗ ನನ್ನನ್ನು ಕೋಲಿನ ಸಮೇತ ಮುತ್ತುರಾಯನ ಕೈಗೆ ಕೊಟ್ಟರು.

"ಮನೆಯಲ್ಲಿಟ್ಟರೆ ತುಕ್ಕು ಹಿಡಿಯುತ್ತೆ ಮುತ್ತು. ನಿನ್ನ ಹತ್ರ ಇರಲಿ."

ಮುತ್ತುರಾಯ ಎರಡೂ ಕೈ ಚಾಚಿ ತೆಗೆದುಕೊಂಡ. ಜೀಪು ಗುಡ್ಡ ಹತ್ತಿ ಮರೆಯಾಗುವ ತನಕ ನನ್ನನ್ನು ಎದೆಗವಚಿಕೊಂಡು ನಿಂತಿದ್ದ. ಅಂದಿನಿಂದ ಕ್ಯಾಂಪಿನಲ್ಲಿ ಸ್ವಂತ ರೀಲಿದ್ದ ಗೈಡು ಅವನೊಬ್ಬನೇ. ಅವನಿಗೆ ಅದರ ಹೆಮ್ಮೆ ಇತ್ತು. ಒಳ್ಳೆಯ ಅತಿಥಿ ಬಂದರೆ ಮಾತ್ರ ನನ್ನನ್ನು ಹೊರಗೆ ತೆಗೆಯುತ್ತಿದ್ದ.

ದಸರೆ ಕಳೆದ ಮೇಲೆ ಒಂದು ದಿನ ಹಾಗೆ ಬಂದವನು ಹರ್ಷವರ್ಧನ. ಬೆಂಗಳೂರಿನಲ್ಲಿ ಮನೆ ಕಟ್ಟಿಸಿ ಮಾರುವವನು. ಕೆಟ್ಟ ಮನುಷ್ಯನಲ್ಲ. ರಾಚನಿಗೂ ತನ್ನ ಫ್ಲಾಸ್ಕಿನಿಂದ ಕಾಫಿ ಸುರಿದು ಕೊಟ್ಟ. ಅತಿಥಿಗಳಿಗೆಂದು ಇದ್ದ ಲೈಫ್ ಜಾಕೆಟ್ಟನ್ನು ಅವನಿಗೆ ತೊಡಿಸಿ, ಅಣ್ಣತಮ್ಮಂದಿರು ಬರೀ ಅಂಗಿಯಲ್ಲಿ ತೆಪ್ಪ ಹತ್ತಿದರು. ಅವರಿಗೆ ಜಾಕೆಟ್ಟು ಇರಲಿಲ್ಲ, ಅವರು ಕೇಳಿಯೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೀನು ಕಚ್ಚಿತು. ಅಂಥ ಎಳೆತವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನನ್ನ ಮೈಯ ಅರ್ಧ ದಾರ ಒಂದೇ ಉಸಿರಿಗೆ ಹೋಯಿತು. ಮೀನು ಕೆಳಗಿನ ಬಂಡೆಗಳ ಸಾಲಿಗೆ ನುಗ್ಗಿ, ದಾರವನ್ನು ಒಂದು ಬಂಡೆಗೆ ಸುತ್ತಿ ನಿಂತಿತು. ದಾರ ಬಿಡಿಸಲು ತೆಪ್ಪವನ್ನು ಅಲ್ಲಿಗೇ ಒಯ್ಯಬೇಕು. ರಾಚ ಹುಟ್ಟು ಹಾಕಿದ. ಹೋಗುತ್ತಿದ್ದಂತೆ ನೀರಿನ ಬಣ್ಣ ಬದಲಾಯಿತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಕಸಕಡ್ಡಿ ತೇಲಿ ಬರತೊಡಗಿತು. ಆಗಷ್ಟೇ ಕಾಣುತ್ತಿದ್ದ ಸಣ್ಣ ಬಂಡೆಗಳು ಮುಳುಗಿದವು.

ರಾಚ ಬಂಡೆಯೊಂದನ್ನು ಕಾಲಿನಿಂದ ಒತ್ತಿ ತೆಪ್ಪ ನಿಲ್ಲಿಸಿಕೊಂಡಿದ್ದ. "ಅಣ್ಣ, ನೀರು ಏರ್ತಾ ಅದೆ. ದಾರ ಕುಯ್ದ್‌ಬುಡು, ಹೋಗವ."

ಹರ್ಷವರ್ಧನ ಬೆದರಿದ್ದ. "ಬಿಟ್ಟುಬಿಡೋಣ್ವಾ?" ಎಂದು ಕೇಳಿದ.

ಮುತ್ತುರಾಯನ ಸೊಂಟದಲ್ಲಿ ಚಾಕು ಇತ್ತು. ಅದರ ಹಿಡಿಯ ಮೇಲೆ ಅವನು ಕೈಯನ್ನೂ ಇಟ್ಟ. ಅಷ್ಟರಲ್ಲಿ ಬಂಡೆಯ ಆಚೆ ಮೀನು ಒಮ್ಮೆ ಮೇಲೆ ಬಂತು. ಚಿನ್ನದ ಬಣ್ಣದ ಬೆನ್ನು ಕಂಡಿತು. ಆ ಹೊಳೆಯಲ್ಲಿ ಯಾವ ಗೈಡೂ ಅಷ್ಟು ದೊಡ್ಡ ಮೀನನ್ನು ದಡ ಮುಟ್ಟಿಸಿರಲಿಲ್ಲ. ಮುತ್ತುರಾಯನ ಕೈ ಚಾಕುವಿನಿಂದ ಸರಿಯಿತು.

"ತಡಿಯೋ ರಾಚ, ಒಂದ್ ಗಳಿಗೆ," ಎಂದ.

ರಾಚ ತಡೆದ. ಅಣ್ಣನ ಮಾತನ್ನು ಅವನು ಎಂದೂ ಮೀರಿದವನಲ್ಲ.

ನೀರಿನ ದೊಡ್ಡದೊಂದು ಏರು ಬಂದು ತೆಪ್ಪದ ಅಂಚನ್ನು ಒತ್ತಿತು. ತೆಪ್ಪ ತಟ್ಟೆಯ ಹಾಗೆ ಮಗುಚಿಕೊಂಡಿತು. ನಾನು ಕೋಲಿನ ಜೊತೆ ಬಂಡೆಯ ಸಂದಿಗೆ ಸಿಕ್ಕಿಕೊಂಡೆ. ಹರ್ಷವರ್ಧನ ಜಾಕೆಟ್ಟಿನಿಂದ ತೇಲಿದ. ಮುತ್ತುರಾಯ ಅವನ ಕತ್ತುಪಟ್ಟಿ ಹಿಡಿದು, ಬಾಗಿದ್ದ ಹೊಂಗೆಯ ಕೊಂಬೆಯೊಂದನ್ನು ತಬ್ಬಿದ. ಆಮೇಲೆ ತಮ್ಮನ ಹೆಸರು ಹಿಡಿದು ಕೂಗಿದ. ಕೂಗುತ್ತಲೇ ಇದ್ದ. ನನಗೆ ಕೇಳುತ್ತಿತ್ತು. ರಾಚನಿಗೆ ಕೇಳಿರಲಾರದು.

ನೀರು ಇಳಿಯಲು ಎರಡು ದಿನ ಬೇಕಾಯಿತು. ಊರಿನವರೆಲ್ಲ ಕೆಳಗಿನ ಮಡುವುಗಳಲ್ಲಿ ಹುಡುಕುತ್ತಿದ್ದರು. ಮುತ್ತುರಾಯ ಒಬ್ಬನೇ ಬಂಡೆಗಳ ಸಾಲಿಗೆ ಬಂದು ನನ್ನನ್ನು ಕಂಡ. ಕೋಲು ಮುರಿದಿತ್ತು. ನನ್ನಿಂದ ಹೊರಟ ದಾರ ನೀರಿನೊಳಗೆ ಬಿಗಿಯಾಗಿ ಇಳಿದಿತ್ತು. ಅವನು ಹಿಡಿ ತಿರುಗಿಸಿದ. ಭಾರವಿತ್ತು. ಮೀನಿನ ಭಾರ ಹೇಗಿರುತ್ತದೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಇದು ಎಳೆಯುತ್ತಿರಲಿಲ್ಲ, ಬರುತ್ತಿತ್ತು. ಅವನ ಕೈ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತಿರುಗಿತು, ಬಹಳ ನಿಧಾನವಾಗಿ, ನೋವಾಗದಂತೆ ಎಳೆಯುವವನ ಹಾಗೆ.

ರಾಚ ಮೇಲೆ ಬಂದ. ದಾರ ಅವನ ಕಣಕಾಲಿಗೆ ಸುತ್ತಿಕೊಂಡಿತ್ತು.

ಮುತ್ತುರಾಯ ತಮ್ಮನನ್ನು ದಡಕ್ಕೆಳೆದು ತೊಡೆಯ ಮೇಲೆ ಮಲಗಿಸಿಕೊಂಡ. ಆಮೇಲೆ ಚಾಕು ತೆಗೆದು ಆ ದಾರವನ್ನು ಕುಯ್ದ. ಕಾಲಿಗೆ ಸುತ್ತಿದ್ದ ತುಂಡನ್ನು ಬಿಡಿಸಿ ಜೇಬಿಗೆ ಹಾಕಿಕೊಂಡ. ಎಲ್ಲ ಮುಗಿದ ಮೇಲೆ ಎದ್ದು ನಿಂತು ಬೇರೆಯವರನ್ನು ಕೂಗಿ ಕರೆದ.

ಪೊಲೀಸರು ಬರುವ ಮೊದಲೇ ಕ್ಯಾಂಪಿನ ಮ್ಯಾನೇಜರು ಸದಾನಂದ ಅವನನ್ನು ಸಾಮಾನು ಕೋಣೆಗೆ ಕರೆದ. ನನ್ನನ್ನು ಅಲ್ಲಿಯೇ ಒಂದು ಮೂಲೆಯಲ್ಲಿಟ್ಟಿದ್ದರು.

"ನೀರು ಏರುವಾಗ ಅತಿಥೀನ ಕರ್ಕೊಂಡು ಹೋಗಿದ್ರು ಅಂತ ಗೊತ್ತಾದ್ರೆ ನಾಳೆಯೇ ಕ್ಯಾಂಪಿಗೆ ಬೀಗ ಮುತ್ತುರಾಯ. ಎಲ್ಲ ಗೈಡುಗಳ ಮನೆ ಒಲೆ ಆರುತ್ತೆ. ಹೋದವನಂತೂ ತಿರುಗಿ ಬರಲ್ಲ. ಕುಡಿದಿದ್ದ, ತಾನೇ ಜಾರಿ ಬಿದ್ದ ಅಂದ್ಬಿಡು. ಆ ಬೆಂಗಳೂರಿನವರೂ ಹೂಂ ಅಂದಿದ್ದಾರೆ."

ಮುತ್ತುರಾಯನ ಕೈ ಜೇಬಿನೊಳಗೆ ಹೋಯಿತು. ಸದಾನಂದನಿಗೆ ಅವನ ಸಂಕಟ ಒಂದೇ ಕಂಡಿರಬೇಕು. ಅಲ್ಲಿದ್ದ ದಾರದ ತುಂಡಿನ ವಿಷಯ ಗೊತ್ತಿರಲಿಲ್ಲ. ಆ ಸುಳ್ಳು ಬೇರೆಯವರ ಒಲೆಗಳನ್ನು ಉಳಿಸುತ್ತಿತ್ತು, ನಿಜ. ಅವನ ತಪ್ಪನ್ನೂ ಮುಚ್ಚಿಡುತ್ತಿತ್ತು.

ಜಗಲಿಯ ಮೇಲೆ ಪೊಲೀಸರ ಎದುರಿಗೆ, ಊರವರ ಎದುರಿಗೆ ಅವನು ಹೇಳಿದ: "ಕುಡಿದಿದ್ದ. ಜಾರಿ ಬಿದ್ದ."

ಹೊಂಬಾಳಮ್ಮ ಅಳುತ್ತಿದ್ದವಳು ಅಳು ನಿಲ್ಲಿಸಿ ಬಾವನ ಮುಖ ನೋಡಿದಳು. ಅವಳು ಆ ದಿನ ಏನೂ ಕೇಳಲಿಲ್ಲ. ಆಮೇಲೆಯೂ ಕೇಳಲಿಲ್ಲ. ಅವನಿಗೆ ಮುದ್ದೆ ಬಡಿಸುವುದನ್ನೂ ನಿಲ್ಲಿಸಲಿಲ್ಲ. ಆದರೆ ಬಾವ ಎಂದು ಕರೆಯುವುದನ್ನು ಬಿಟ್ಟಳು.

ನನ್ನನ್ನು ಮುತ್ತುರಾಯ ಮನೆಗೆ ತಂದು ಗೋಡೆಯ ಮೊಳೆಗೆ ನೇತುಹಾಕಿದ. ಮತ್ತೆ ಮುಟ್ಟಲಿಲ್ಲ. ಅಲ್ಲಿಂದ ನಾನು ಆ ಮನೆಯನ್ನು ನೋಡುತ್ತಿದ್ದೆ. ನೋಡಲು ಹೆಚ್ಚೇನೂ ಇರಲಿಲ್ಲ. ಇಬ್ಬರೂ ಒಂದೇ ಸೂರಿನಡಿ ಮಾತಿಲ್ಲದೆ ಓಡಾಡುತ್ತಿದ್ದರು. ಮುತ್ತುರಾಯ ಕ್ಯಾಂಪಿನ ಕೋಲು ಹಿಡಿದು ಕೆಲಸಕ್ಕೆ ಹೋಗುತ್ತಿದ್ದ. ಅತಿಥಿಗಳನ್ನು ಆಳದ ನೀರಿಗೆ ಒಯ್ಯುತ್ತಿರಲಿಲ್ಲವಂತೆ. ಮೀನೇ ಸಿಗದ ಗೈಡು ಎಂದು ಅತಿಥಿಗಳು ಬೇರೆಯವರನ್ನು ಕೇಳತೊಡಗಿದರಂತೆ. ಬೇಸಿಗೆಯಲ್ಲಿ ಸರ್ಕಾರದ ಆದೇಶ ಬಂತು. ಕಾಡುಪ್ರಾಣಿಗಳ ರಕ್ಷಣೆಯ ಜಾಗದಲ್ಲಿ ಗಾಳದ ಆಟ ಕೂಡದು. ಕ್ಯಾಂಪಿಗೆ ಬೀಗ ಬಿತ್ತು. ಅವನ ಸುಳ್ಳಿಗೂ ರಾಚನ ಸಾವಿಗೂ ಈ ಆದೇಶಕ್ಕೂ ಏನೇನೂ ಸಂಬಂಧವಿರಲಿಲ್ಲ. ಗೈಡುಗಳು ಖಾಕಿ ಅಂಗಿ ಬಿಚ್ಚಿಟ್ಟು ಕೂಲಿಗೆ ಹೋದರು.

ಆ ವರ್ಷದ ಹಿರಿಯರ ಹಬ್ಬ ಬಂತು. ರಾಚನಿಗೆ ಮೊದಲ ಎಡೆ. ಹೊಂಬಾಳಮ್ಮ ಒಬ್ಬಳೇ ಅಡಿಗೆ ಮಾಡಿದಳು. ಅವನ ಫೋಟೋ ಇರಲಿಲ್ಲ. ಅವನ ಅಂಗಿಯನ್ನು ಮಡಿಸಿ ಗೋಡೆಗೆ ಒರಗಿಸಿ, ಅದರ ಮುಂದೆ ಎಲೆ ಹಾಸಿದಳು. ನೆಂಟರು, ಹಳೆಯ ಗೈಡುಗಳು ಬಂದು ಕೂತರು. ಸತ್ತವರಿಗೆ ಇಷ್ಟವಾದದ್ದನ್ನು ತಂದು ಎಡೆಗೆ ಇಡುವುದು ಅಲ್ಲಿನ ಪದ್ಧತಿ. ಸೋದರತ್ತೆ ಸಣ್ಣತಾಯಮ್ಮ, ಮುದುಕಿ, ಸೀರೆಯ ಸೆರಗಿನಿಂದ ಒಂದು ಸಣ್ಣ ಸಾರಾಯಿ ಬಾಟಲಿ ತೆಗೆದು ಎಲೆಯ ಪಕ್ಕದಲ್ಲಿಟ್ಟಳು.

ಹೊಂಬಾಳಮ್ಮ ಅದನ್ನು ನೋಡಿದಳು. "ಇದ್ಯಾಕತ್ತೆ?"

"ಕುಡೀತಿದ್ನಂತಲ್ಲವ್ವಾ ಮಗ. ಆಸೆ ಇಟ್ಕಂಡ್ ಹೋಗ್ಬಾರ್ದು," ಎಂದು ಮುದುಕಿ ಕಣ್ಣೊರೆಸಿಕೊಂಡಳು. ಅವಳ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ.

ಹೊಂಬಾಳಮ್ಮ ಬಾಟಲಿಯನ್ನು ಎತ್ತಿಕೊಂಡು ಹೋಗಿ ಮುತ್ತುರಾಯನ ಮುಂದೆ ಇಟ್ಟಳು.

"ಒಂದೇ ಬಳ್ಳೀಲಿ ಹುಟ್ಟಿದೋನು ನೀನು. ನೀನೇ ಹೇಳು. ಅವ್ನು ಯಾವತ್ ಕುಡ್ದಿದ್ದ?"

ಮುತ್ತುರಾಯ ಎದ್ದ. ಗೋಡೆಯ ಹತ್ತಿರ ಬಂದು ನನ್ನನ್ನು ಮೊಳೆಯಿಂದ ಇಳಿಸಿದ. ಎಲ್ಲರ ಮಧ್ಯೆ ಕೂತು ದಾರದ ತುದಿಯನ್ನು ಎಳೆದು ತೋರಿಸಿದ.

"ಕುಡ್ದಿರ್ಲಿಲ್ಲ. ಒಂದು ತೊಟ್ಟೂ ಕುಡ್ದಿರ್ಲಿಲ್ಲ. ಈ ದಾರ ಅವ್ನ ಕಾಲ್ಗೆ ಸುತ್ಕಂಡಿತ್ತು. ನಾನು ಕುಯ್ಲಿಲ್ಲ. ಕುಯ್ಯೋ ಹೊತ್ನಲ್ಲಿ ಕುಯ್ಲಿಲ್ಲ."

ಎಲ್ಲವನ್ನೂ ಹೇಳಿದ. ಮೀನಿನ ಬೆನ್ನು ಕಂಡದ್ದು, ಚಾಕುವಿನಿಂದ ಕೈ ತೆಗೆದದ್ದು, ದಾರ ಸುತ್ತಿ ಮೇಲೆತ್ತಿದ್ದು. ಹಳೆಯ ಗೈಡು ಚೆನ್ನನಂಜ ತಲೆ ತಗ್ಗಿಸಿಯೇ ನಡುವೆ ಬಾಯಿ ಹಾಕಿದ: "ಆ ಮಾತಿಂದ ನಮ್ ಮಕ್ಳು ಒಂದ್ ಬೇಸ್ಗೆ ಉಂಡ್ವು ಕಣವ್ವ. ಅವ್ನೊಬ್ಬುನ್ನೇ ಅನ್ಬ್ಯಾಡ."

ಹೊಂಬಾಳಮ್ಮ ಅವನ ಕಡೆ ತಿರುಗಲೇ ಇಲ್ಲ. ಮುತ್ತುರಾಯನನ್ನೇ ಕೇಳಿದಳು:

"ನೀರು ಏರ್ತಾ ಅದೆ ಅಂತ ಅವ್ನು ನೋಡುದ್ನಾ?"

"ಅವ್ನೇ ಮೊದ್ಲು ನೋಡಿದ್ದು."

"ಏನಂದ? ಅವ್ನು ಅಂದಂಗೇ ಹೇಳು."

ಮುತ್ತುರಾಯ ತಮ್ಮನ ಮಾತನ್ನು ಹಾಗೆಯೇ ಹೇಳಿದ. "ಅಣ್ಣ, ನೀರು ಏರ್ತಾ ಅದೆ. ದಾರ ಕುಯ್ದ್‌ಬುಡು, ಹೋಗವ."

"ಹೋಗವ ಅಂದ್ನಾ?"

"ಹೂಂ. ಹೋಗವ ಅಂದ."

ಆಗ ಅವಳು ಅತ್ತಳು. ಅಂದು ಪೊಲೀಸರ ಎದುರಿಗೆ ಅರ್ಧಕ್ಕೆ ನಿಲ್ಲಿಸಿದ ಅಳು ಅದು ಎಂದು ನನಗನ್ನಿಸಿತು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಸಣ್ಣತಾಯಮ್ಮ ಬಾಟಲಿಯನ್ನು ಹಿತ್ತಿಲಿಗೆ ಒಯ್ದು ಬೂದಿಗುಂಡಿಗೆ ಸುರಿದು ಬಂದಳು. ಹೊಂಬಾಳಮ್ಮ ಮುಖ ತೊಳೆದುಕೊಂಡು ಬಂದು ಎಡೆಗೆ ಹೊಸ ಎಲೆ ಹಾಸಿ ಮತ್ತೆ ಬಡಿಸಿದಳು. ಪೂಜೆಯಾಯಿತು. ಎಲ್ಲರಿಗೂ ಎಲೆ ಹಾಕಿದಳು. ಕೊನೆಯಲ್ಲಿ ಮುತ್ತುರಾಯನಿಗೂ ಹಾಕಿದಳು.

"ಉಣ್ಣು," ಎಂದಳು. "ತಮ್ಮನ ಎಡೆ ಅನ್ನ. ಉಂಡು ಹೋಗು. ನಾಳೆಯಿಂದ ನಿನ್ ಮೊಕ ನೋಡ್ಕಂಡು ನಂಗೆ ಬದುಕಕ್ಕಾಗಕ್ಕಿಲ್ಲ."

ಅವನು ಎಲೆಯಲ್ಲಿದ್ದ ಒಂದು ಅಗುಳನ್ನೂ ಬಿಡದೆ ಉಂಡ. ಬೆಳಿಗ್ಗೆ ಅವನ ಚಾಪೆ ಸುತ್ತಿಟ್ಟಿತ್ತು. ಹೊಳೆಯಾಚೆ ತಮಿಳು ಸೀಮೆಯ ಕಲ್ಲುಗಣಿಗೆ ಹೋದನೆಂದು ಕೆಲವರು, ಬೆಟ್ಟದ ಕಡೆ ಕಂಡೆವೆಂದು ಕೆಲವರು. ನನ್ನನ್ನು ಅವನು ಒಯ್ಯಲಿಲ್ಲ.

ಹೊಂಬಾಳಮ್ಮ ಒಂದಷ್ಟು ಕಾಲ ಒಬ್ಬಳೇ ಇದ್ದಳು. ಆಮೇಲೆ ಕನಕಪುರದ ತಂಗಿಯ ಮನೆಗೆ ಹೋಗಿ ರೇಷ್ಮೆ ಕೆಲಸಕ್ಕೆ ಸೇರುವುದೆಂದು ಮನೆಯ ಸಾಮಾನು ಕಟ್ಟಿದಳು. ಬೇಡದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿ ಪೇಟೆಯ ಗುಜರಿ ಅಂಗಡಿಗೆ ತಂದಳು. ಒಡೆದ ಕೊಳಗ, ಹುಟ್ಟಿನ ತಲೆಗೆ ಹೊಡೆದಿದ್ದ ಕಬ್ಬಿಣದ ಪಟ್ಟಿ, ಕೊನೆಯಲ್ಲಿ ನಾನು.

ಅಂಗಡಿಯ ಇನಾಯತ್ ನನ್ನನ್ನು ತಿರುಗಿಸಿ ನೋಡಿದ. "ಒಳಗೆ ಹಿತ್ತಾಳೆ ಐತೆ. ಒಡೆದು ಬೇರೆ ಮಾಡ್ಬೇಕು. ನಿಮ್ಮ ಯಜಮಾನ್ರದಾ ಅಮ್ಮ?"

"ಅಲ್ಲ," ಎಂದಳು. ಬರಿದಾದ ಚೀಲವನ್ನು ಕೊಡವುತ್ತ ಹೇಳಿದಳು, "ನಮ್ ಬಾವಂದು."

"ಹೋಗ್ಬಿಟ್ರಾ?"

"ಇಲ್ಲ, ಅವ್ರೆ. ಎಲ್ಲವ್ರೋ ಗೊತ್ತಿಲ್ಲ." ಅವಳು ಚೀಲವನ್ನು ಮಡಿಸಿದಳು. ಎರಡು ಹೆಜ್ಜೆ ಹೋಗಿ ತಿರುಗಿ ಬಂದಳು. "ಅದುನ್ನ ಒಡೀಬ್ಯಾಡ ಕಣಪ್ಪ. ಬಂದು ಕೇಳುದ್ರೆ ಕೊಡು."

ಅದಾಗಿ ಬಹಳ ಕಾಲವಾಯಿತು. ಈಗ ನಾನು ಅಂಗಡಿಯ ಅಟ್ಟದ ಮೇಲೆ, ಕೆಟ್ಟ ಫ್ಯಾನುಗಳ ನಡುವೆ ಇದ್ದೇನೆ. ಹಲ್ಲುಚಕ್ರಕ್ಕೆ ಹಸಿರು ಕಿಲುಬು ಹಿಡಿದಿದೆ. ನನ್ನ ಮೈಮೇಲಿನ ದಾರ ಎಳೆದರೆ ಪುಡಿಯಾಗುತ್ತದೆ. ದಾರ ಬಿಡುವುದೂ ಸುತ್ತುವುದೂ ನನಗೆ ಬರುತ್ತಿತ್ತು. ಕುಯ್ಯುವುದು ಮಾತ್ರ ಮನುಷ್ಯರ ಕೈಯಲ್ಲಿತ್ತು. ಆ ಒಂದು ಗಳಿಗೆಯಲ್ಲಿ ನನ್ನ ದಾರ ತಾನಾಗಿಯೇ ಹರಿದುಹೋಗಿದ್ದರೆ ಎಂದು ಇಲ್ಲಿ ಕೂತು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹರಿಯದ ದಾರದ ರೀಲೆಂದೇ ನನ್ನನ್ನು ಎಲ್ಲರೂ ಮೆಚ್ಚಿದ್ದು.

ಇನಾಯತ್ ಒಂದೆರಡು ಸಲ ಸುತ್ತಿಗೆ ಹಿಡಿದು ನನ್ನನ್ನು ಕೆಳಗಿಳಿಸಿದ್ದಾನೆ. ಧೂಳು ಒರೆಸಿ ಮತ್ತೆ ಮೇಲಿಟ್ಟಿದ್ದಾನೆ. "ಆಯಮ್ಮ ಹೇಳಿ ಹೋಗಿದ್ದಾರೆ," ಎನ್ನುತ್ತಾನೆ.

ಮುತ್ತುರಾಯ ಬಂದಿಲ್ಲ. ನಾನು ಇಲ್ಲಿರುವುದು ಅವನಿಗೆ ಗೊತ್ತಿಲ್ಲ. ಅವಳು ಬಾವ ಎಂದದ್ದೂ ಗೊತ್ತಿಲ್ಲ. ಹೋಗಿ ಹೇಳುವವರು ಯಾರೂ ಇಲ್ಲ.