ಗಟ್ಟಿಮೇಳಕ್ಕೆ ಚೈನಾ ತಟ್ಟೆ

ಹೆಸರೇ ಮುಳುವಾಯಿತು ನೋಡಿ. ಬೇರೆ ಏನಾದರೂ ಹೆಸರಿದ್ದಿದ್ದರೆ ಆ ಕಂಚಿನ ತಟ್ಟೆ ರಜನಿಯ ಡ್ರಮ್ ಸೆಟ್ಟಿನಲ್ಲಿ ತನ್ನ ಪಾಡಿಗೆ ತಾನು ಇದ್ದುಬಿಡುತ್ತಿತ್ತು.

ಶ್ರೀನಿವಾಸಪುರದ ಛತ್ರದಲ್ಲಿ ಆರತಕ್ಷತೆಯ ಸಂಜೆ. ಆರ್ಕೆಸ್ಟ್ರಾದ ಯಜಮಾನರು ರಾಮಚಂದ್ರಪ್ಪ ಹೊಸ ತಟ್ಟೆಯ ಮಡಚಿಕೊಂಡ ಅಂಚನ್ನು ಕಂಡು ಹೌಹಾರಿದರು.

“ಇದೇನಮ್ಮಾ, ಸೊಟ್ಟಗಾಗಿರೋದನ್ನ ತಂದಿದ್ದೀಯಾ?”

“ಅದು ಇರೋದೇ ಹಂಗಣ್ಣ. ಚೈನಾ ಸಿಂಬಲ್ ಅಂತಾರೆ.”

“ಅಯ್ಯೋ ರಾಮುಡಾ, ಚೈನಾ ಮಾಲಾ! ನಮ್ಮನೆ ಚೈನಾ ಟಾರ್ಚು ಒಂದು ಮಳೆಗಾಲ ನೋಡ್ಲಿಲ್ಲ!”

ಚೈನಾ ಅನ್ನೋದು ತಾಳದ ಒಂದು ಜಾತಿ, ಅಗ್ಗದ ಮಾಲಲ್ಲ ಅಂತ ಇವರಿಗೆ ಯಾರು ಹೇಳಬೇಕು? ಹಾಡಿನ ನಡುವೆ ರಜನಿ ಅದಕ್ಕೊಂದು ಏಟು ಕೊಟ್ಟಳು. ಮಿಕ್ಕ ತಾಳಗಳು ‘ಝೇಂ’ ಎಂದು ರಾಗ ಎಳೆಯುತ್ತವೆ. ಇದು ‘ಛಷ್!’ ಎಂದು ಸಿಡಿದು ತಕ್ಷಣ ಸುಮ್ಮನಾಗುತ್ತದೆ. ಎಂಥ ಗಲಾಟೆಯಿದ್ದರೂ ಸೀಳಿಕೊಂಡು ಬರುತ್ತದೆ. ಆ ಒರಟು ದನಿ ಅಂದರೆ ರಜನಿಗೆ ಪ್ರಾಣ. ರಾಮಚಂದ್ರಪ್ಪನವರಿಗೆ ಮಾತ್ರ ಅಡುಗೆಮನೆಯಲ್ಲಿ ತಪ್ಪಲೆ ಬಿದ್ದಂತೆ ಕೇಳಿಸಿತು.

“ಇನ್ನೊಂದ್ಸಲ ಇದನ್ನ ಮುಟ್ಟಿದ್ಯೋ, ಆ ಸ್ಟೂಲ್ ಮೇಲೆ ಮುಳಬಾಗಿಲು ಗೋಪೀನ ಕೂರಿಸ್ತೀನಿ, ಅಷ್ಟೆ!”

ಹೆಣ್ಣುಹುಡುಗಿಗೆ ಡ್ರಮ್ಸ್ ಯಾಕೆ ಎಂದವರೆಲ್ಲ ತೆಪ್ಪಗಾಗಿದ್ದು ರಜನಿ ಆ ಸ್ಟೂಲಿನ ಮೇಲೆ ಕೂತ ಮೇಲೇ. ಅದೇ ಹೋದರೆ ಗತಿಯೇನು? ಆಮೇಲೆ ಅವಳು ಕಡ್ಡಿಯನ್ನು ಆ ಕಡೆಗೆ ಒಯ್ಯಲೇ ಇಲ್ಲ.

ಬೆಳಗ್ಗೆ ನೋಡಿದರೆ ವಾಲಗದವರ ವ್ಯಾನು ಗೌನಿಪಲ್ಲಿ ರಸ್ತೆಯಲ್ಲಿ ಕೆಟ್ಟು ನಿಂತಿದೆ! ನಾದಸ್ವರದವರು ಯಾರದೋ ಬೈಕ್ ಹತ್ತಿ ಬಂದರು, ಡೋಲು ಬರಲಿಲ್ಲ. ಮುಹೂರ್ತ ಯಾರಿಗಾದರೂ ಕಾಯುತ್ತದೆಯೇ? ಹೆಣ್ಣಿನ ತಂದೆ ಶ್ರೀನಿವಾಸಪ್ಪ ಓಡಿಬಂದು ಕೈಮುಗಿದರು.

“ನಿಮ್ಮ ಡ್ರಮ್ಸೇ ಬಾರಿಸ್ಬಿಡಿ ಸ್ವಾಮಿ. ತಾಳಿ ಕಟ್ಟೋವಾಗ ಅಪಶಕುನ ಕಿವಿಗೆ ಬೀಳ್ಬಾರ್ದು.”

ಗಟ್ಟಿಮೇಳ ಇರುವುದೇ ಅದಕ್ಕಲ್ಲವೇ? ಯಾರದೋ ಸೀನು, ಯಾವುದೋ ಮಗುವಿನ ಅಳು ಗಂಡುಹೆಣ್ಣಿಗೆ ಕೇಳಿಸದಿರಲಿ ಎಂದು.

ರಾಮಚಂದ್ರಪ್ಪ ಮೈಕು ಹಿಡಿದು ಮಂಟಪದ ಪಕ್ಕ ಠೀವಿಯಿಂದ ನಿಂತರು. ಹೋಮದ ಹೊಗೆ ನೆಟ್ಟಗೆ ಅವರ ಮೂಗಿಗೇ ಬಡಿಯುತ್ತಿತ್ತು. ಪುರೋಹಿತರು “ಗಟ್ಟಿಮೇಳ! ಗಟ್ಟಿಮೇಳ!” ಎಂದು ಕೂಗಿದರು. ರಜನಿ ಡ್ರಮ್ಮು ಗುಡುಗಿಸುತ್ತ ತಲೆ ಎತ್ತಿದರೆ, ಯಜಮಾನರ ಮೂಗು ಅರಳಿದೆ, ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಮೈಕು ಬಾಯಿಯ ಮುಂದೆಯೇ ಇದೆ, ಅದೂ ಆನ್ ಆಗಿದೆ! ತಾಳಿ ಕಟ್ಟುವಾಗ ಮೈಕಿನಲ್ಲಿ ಸೀನಿದವರನ್ನು ಈ ನಾಲ್ಕು ತಾಲ್ಲೂಕಿನಲ್ಲಿ ಇನ್ಯಾರು ಮದುವೆಗೆ ಕರೆದಾರು? ಅವರ ಮಾನ ಉಳಿಸಬೇಕೋ, ತನ್ನ ಸ್ಟೂಲು ಉಳಿಸಿಕೊಳ್ಳಬೇಕೋ? ಯೋಚಿಸಲು ಹೊತ್ತೆಲ್ಲಿ!

ಛಷ್! ಛಷ್! ಛಷ್!

ಇಡೀ ಛತ್ರ ಬೆಚ್ಚಿಬಿತ್ತು. ಅಕ್ಷತೆ ಹಾರಿತು, ಮೂರು ಗಂಟೂ ಬಿತ್ತು. ಸೀನು ಮಾತ್ರ ಒಬ್ಬರ ಕಿವಿಗೂ ಬೀಳಲಿಲ್ಲ.

ರಾಮಚಂದ್ರಪ್ಪ ಮೂಗು ಒರೆಸಿಕೊಳ್ಳುತ್ತ ಡ್ರಮ್ಸಿನ ಹತ್ತಿರ ಬಂದರು. ರಜನಿ ಕಡ್ಡಿಗಳನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

“ಕೇಳಿಸ್ತೇನಮ್ಮಾ?” ಎಂದರು ಮೆಲ್ಲಗೆ.

“ಏನಣ್ಣ? ನಂಗೇನೂ ಕೇಳಿಸ್ಲಿಲ್ಲವಲ್ಲ.”

ಅವರು ಆ ಸೊಟ್ಟ ಅಂಚನ್ನು ಒಮ್ಮೆ ಸವರಿದರು.

“ಶುಕ್ರವಾರ ಮಾಲೂರಲ್ಲಿ ಮದುವೆ ಐತೆ. ನೀನು ಬಂದ್ರೂ ಸರಿ, ಬರ್ದಿದ್ರೂ ಸರಿ, ಇದು ಮಾತ್ರ ಬರ್ಲೇಬೇಕು.”

“ನಾನಿಲ್ದೆ ಅದು ಎಲ್ಲಿಗೂ ಬರಲ್ಲಣ್ಣ” ಎಂದಳು ರಜನಿ.