ಮರದ ಫುನಾ ಮೀನು

ಹಿಸಯೊ ಆ ಮರದ ಮೀನನ್ನು ಗಂಡ ತೆತ್ಸುರೊನ ಬಲಗೈಗೂ ಶವಪೆಟ್ಟಿಗೆಯ ಗೋಡೆಗೂ ನಡುವೆ ತುರುಕಲು ನೋಡುತ್ತಿದ್ದಳು. ಮುಕ್ಕಾಲು ಮೊಳ ಉದ್ದ, ಮೂರು ತುಂಡು ಮಾಡಿ ಕೀಲು ಹಾಕಿ ಜೋಡಿಸಿದ, ದೊಡ್ಡ ಮೀನನ್ನು ಸೆಳೆಯಲು ಗಾಳದ ದಾರಕ್ಕೆ ಕಟ್ಟುವ ಹುಸಿ ಮೀನು. ತಲೆ ಒಳಗೆ ಹೋದರೆ ಬಾಲ ಮೇಲೇಳುತ್ತಿತ್ತು, ಬಾಲ ಒತ್ತಿದರೆ ತಲೆ. ಅವಳು ಜಗಳಕ್ಕೆ ನಿಂತವಳಂತೆ ಒತ್ತುತ್ತಲೇ ಇದ್ದಳು. ಸುತ್ತ ನಿಂತವರು ಬಿಳಿ ಸೇವಂತಿಗೆ ಹಿಡಿದು ತಮ್ಮ ಸರದಿಗೆ ಕಾಯುತ್ತಿದ್ದರು.

"ಕ್ಷಮಿಸಬೇಕಮ್ಮಾ," ಎಂದಳು ಅಂತ್ಯಕ್ರಿಯೆ ಮಂದಿರದ ಮೇಲ್ವಿಚಾರಕಿ, ದನಿ ತಗ್ಗಿಸಿ. "ಲೋಹ ಇರೋ ಸಾಮಾನು ಒಳಗಿಡೋ ಹಾಗಿಲ್ಲ. ಚಿತಾಗಾರದ ಕುಲುಮೆ ಕೆಡುತ್ತೆ. ಯಜಮಾನರ ಕನ್ನಡಕಾನೂ ಆಗಲೇ ತೆಗೆಸಿದೀವಲ್ಲ."

"ಕನ್ನಡಕ ಇಲ್ದೆ ಹೋದಾರು. ಇದಿಲ್ದೆ ಆ ಮನುಷ್ಯ ಹೊಸ್ತಿಲು ದಾಟಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಟ್ಯಾಕ್ಸಿ ಓಡಿಸುವ ಒಕುಮುರ. ತೆತ್ಸುರೊನ ಜೊತೆ ಸರೋವರದ ದಂಡೆಯಲ್ಲಿ ಭಾನುವಾರಗಳನ್ನು ಕಳೆದವನು, ನಿನ್ನೆ ರಾತ್ರಿಯ ಜಾಗರಣೆಯಲ್ಲೂ ಸತ್ತವನ ಪಟ ನೋಡುವುದಕ್ಕಿಂತ ಹೆಚ್ಚಾಗಿ ಈ ಮೀನು ಎಲ್ಲಿದೆ ಎಂದು ಕಣ್ಣಾಡಿಸುತ್ತಿದ್ದವನು. ಬಾಸ್ ಮೀನು ಹಿಡಿಯುವವರ ಲೋಕದಲ್ಲಿ ಅದು ಬರೀ ಮರದ ತುಂಡಲ್ಲ. ಅದನ್ನು ಕೆತ್ತುತ್ತಿದ್ದ ಮುದುಕ ವರ್ಷಕ್ಕೆ ಬೆರಳೆಣಿಕೆಯಷ್ಟು ಮಾಡುತ್ತಿದ್ದ, ಬೇಕೆಂದವರ ಹೆಸರು ಬರೆಸಿಕೊಂಡು ಚೀಟಿ ಎತ್ತುತ್ತಿದ್ದ. ಈಗ ಆ ಮುದುಕನೂ ಇಲ್ಲ. ಒಕುಮುರನ ಹೆಸರು ಒಮ್ಮೆಯೂ ಬರಲಿಲ್ಲ. ತೆತ್ಸುರೊನ ಹೆಸರು ಮೊದಲ ಸಲಕ್ಕೇ ಬಂತು, ಅವನು ವರ್ಷದ ಬೋನಸ್ಸನ್ನೆಲ್ಲ ಅದರ ಮೇಲೆ ಸುರಿದ.

"ಅತ್ತಿಗೆ, ಅದನ್ನ ಸುಡ್ತೀರಾ?" ಎಂದ ಒಕುಮುರ. ಸಾವಿನ ಸುದ್ದಿ ಕೇಳಿದಾಗಲೂ ಅವನ ಮುಖ ಇಷ್ಟು ಬಿಳಿಚಿಕೊಂಡಿರಲಿಲ್ಲ.

"ಸುಡ್ದೆ ಇನ್ನೇನು? ಇಪ್ಪತ್ತು ವರ್ಷ ಪ್ರತಿ ಭಾನುವಾರ ಬೆಳಕು ಹರಿಯೋ ಮುಂಚೆ ನನ್ನ ಬಿಟ್ಟು ಇದರ ಜೊತೆ ಎದ್ದು ಹೋದ್ರು. ಕೆಲಸದಿಂದ ನಿವೃತ್ತಿ ಆದ್ಮೇಲೆ ದಿನಾ. ಸತ್ತಿದ್ದೂ ಇದರ ಪಕ್ಕದಲ್ಲೇ. ಇನ್ನು ಪೂರ್ತಿ ಜೊತೆಗೇ ಹೋಗ್ಲಿ."

"ಸುಡು ಸುಡು," ಎಂದ ಅವಳ ಅಣ್ಣ ಕಿಸಾಬುರೊ. "ಬಾಸ್ ಹಿಡಿಯೋ ಸಾಮಾನು ಈ ಊರಲ್ಲಿ ಎಷ್ಟು ಸುಟ್ರೂ ಕಮ್ಮಿನೇ."

ಕಿಸಾಬುರೊ ಬಿವಾ ಸರೋವರದಲ್ಲಿ ಬಲೆ ಬಿಡುವವನು, ಅಪ್ಪನ ಕಾಲದಿಂದಲೂ ಅದೇ ಕಸುಬು. ಗುರುವಾರ ಬೆಳಿಗ್ಗೆ ಮಡಚುವ ಕುರ್ಚಿಯಲ್ಲಿ, ಮಡಿಲ ಮೇಲೆ ಗಾಳದ ಕೋಲಿಟ್ಟುಕೊಂಡು ಕೂತಲ್ಲೇ ಹೋಗಿದ್ದ ತೆತ್ಸುರೊನನ್ನು ದೋಣಿಯಿಂದ ಮೊದಲು ಕಂಡವನೂ ಅವನೇ. ಹೃದಯ ನಿಂತಿತ್ತು ಎಂದರು ವೈದ್ಯರು. ಒಂದು ದಿನವೂ ತಲೆನೋವೆಂದು ಮಲಗದ ಮನುಷ್ಯ.

ಅಂದಿನಿಂದ ಹಿಸಯೊಗೆ ಅಳು ಬಂದಿರಲಿಲ್ಲ. ಏನೂ ಅರ್ಥವಾಗಿರಲೂ ಇಲ್ಲ. ಸಾರು ಬಿಸಿ ಮಾಡಿಡು ಬರ್ತೀನಿ ಎಂದು ಹೋದವನು, ಸಾರು ಆರುವಷ್ಟರಲ್ಲಿ ಹೆಣವಾಗಿ ಬಂದರೆ ಯಾರಿಗಾದರೂ ದಿಕ್ಕು ತಪ್ಪುತ್ತದೆ. ಅವಳಿಗೆ ಬಂದದ್ದು ಸಿಟ್ಟು. ಅದೊಂದೇ ಅವಳನ್ನು ಮೂರು ದಿನದಿಂದ ನಿಲ್ಲಿಸಿ ನಡೆಸಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಇವರಿಬ್ಬರೇ, ಆ ಇಬ್ಬರಲ್ಲಿ ಒಬ್ಬನನ್ನು ಈ ಬಣ್ಣದ ಮರದ ತುಂಡು ಕಸಿದುಕೊಂಡಿತ್ತು ಎಂದೇ ಅವಳ ಲೆಕ್ಕ.

"ಲೋಹ ತೆಗೆದು ಬರೀ ಮರ ಇಟ್ರೆ ತೊಂದ್ರೆ ಇಲ್ಲ," ಎಂದಳು ಮೇಲ್ವಿಚಾರಕಿ, ರಾಜಿ ಮಾಡಿಸುವವಳ ಹಾಗೆ. "ಯಾರಿಗಾದ್ರೂ ಬಿಚ್ಚೋಕೆ ಬರುತ್ತಾ?"

ಎಲ್ಲರೂ ಒಕುಮುರನ ಕಡೆ ತಿರುಗಿದರು.

"ಬರುತ್ತೆ," ಎಂದುಬಿಟ್ಟ ಅವನು, ನಂತರ ನಾಲಿಗೆ ಕಚ್ಚಿಕೊಂಡ. ಆದರೆ ಹೆಣದ ಮುಂದೆ ನಿಂತು ಆಡಿದ ಮಾತನ್ನು ಯಾರು ತಾನೇ ವಾಪಸು ತೆಗೆದುಕೊಳ್ಳುತ್ತಾರೆ? ಟ್ಯಾಕ್ಸಿಯ ಡಿಕ್ಕಿಯಿಂದ ಚಿಕ್ಕ ಇಕ್ಕಳ, ಚೂರಿ ತಂದ. ಪಕ್ಕದ ಮೇಜಿನ ಮೇಲೆ ಕರವಸ್ತ್ರ ಹಾಸಿ, ಮಗುವನ್ನು ಮಲಗಿಸುವಷ್ಟು ಮೆತ್ತಗೆ ಮೀನನ್ನು ಅಂಗಾತ ಹಾಕಿದ.

ಈ ಸರೋವರದ ನಾಟಿ ಮೀನು ಫುನಾದ ಹಾಗೆ ಬಣ್ಣ ಬಳಿದಿದ್ದರು ಅದಕ್ಕೆ. ಬೆನ್ನು ಹಸಿರುಗಪ್ಪು, ಹೊಟ್ಟೆ ಮಾಸಲು ಬೆಳ್ಳಿ. ಒಂದೊಂದು ಹುರುಪೆಯೂ ಉಳಿಯಿಂದ ಎಬ್ಬಿಸಿದ್ದು.

"ಮೊದಲು ಹೊಟ್ಟೆ ಕೆಳಗಿನ ಕೊಕ್ಕೆ," ಎಂದು ತನಗೆ ತಾನೇ ಹೇಳಿಕೊಂಡು ಬಗ್ಗಿದವನು ಅಲ್ಲೇ ನಿಂತ. ಕನ್ನಡಕ ಮೇಲೆ ಸರಿಸಿದ. ಮತ್ತೆ ಇಳಿಸಿದ.

"ಏನಾಯ್ತು?" ಎಂದಳು ಹಿಸಯೊ.

"ಕೊಕ್ಕೆ ಎಲ್ಲಿ ಅತ್ತಿಗೆ? ನೀವು ತೆಗೆದ್ರಾ?"

"ನಾನು ಇವತ್ತಿನವರೆಗೂ ಅದನ್ನ ಮುಟ್ಟಿದೋಳಲ್ಲ."

ಮೂರು ಮುಳ್ಳಿನ ದೊಡ್ಡ ಕೊಕ್ಕೆಗಳು ತೂಗಬೇಕಾಗಿದ್ದ ಎರಡು ಬಳೆಗಳಲ್ಲಿ ಎರಡು ಸೀಸದ ಗುಂಡುಗಳು ತೂಗುತ್ತಿದ್ದವು. ಬಣ್ಣಕ್ಕೆ ಪೆಟ್ಟಾಗದಿರಲೆಂದು ಕಪ್ಪು ದಾರ ಸುತ್ತಿ ಮುಚ್ಚಿತ್ತು. ದಾರ ಹಳೆಯದಾಗಿ, ಪಾಚಿ ಹಿಡಿದು, ಗಂಟು ಕಲ್ಲಾಗಿತ್ತು.

"ಕೊಕ್ಕೆ ತೂಕ ಇಲ್ದಿದ್ರೆ ಇದು ನೀರಲ್ಲಿ ಮಗ್ಗುಲಾಗುತ್ತೆ," ಎಂದ ಒಕುಮುರ, ಮಾತು ಹುಡುಕುತ್ತ. "ಅದಕ್ಕೆ ಅಷ್ಟೇ ತೂಕದ ಸೀಸ ಕಟ್ಟಿದಾನೆ. ಯಾಕೆ ಕಟ್ಟಿದ ಇವನು?"

ಅವನು ಮೀನನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ಹೆಬ್ಬೆರಳಿಂದ ಹೊಟ್ಟೆ ಸವರಿದ.

"ಇಲ್ಲಿ ನೋಡಿ. ಒಂದೇ ಒಂದು ದಿನ ಕೊಕ್ಕೆ ಹಾಕಿ ಎಸೆದ್ರೂ, ಅದು ಆಚೆ ಈಚೆ ತೂಗಿ ಹೊಟ್ಟೆ ಮೇಲೆ ಅರ್ಧಚಂದ್ರದ ಹಾಗೆ ಗೀರು ಬೀಳುತ್ತೆ. ನನ್ನ ಮೀನುಗಳನ್ನ ನೋಡಿ ಬೇಕಾದ್ರೆ, ಬಣ್ಣ ಹೋಗಿ ಮರ ಕಾಣ್ತಿದೆ. ಇದ್ರಲ್ಲಿ ಆ ಗೀರು ಇಲ್ಲ. ಒಂದೂ ಇಲ್ಲ. ಇದಕ್ಕೆ ಕೊಕ್ಕೆನೇ ಹಾಕಿಲ್ಲ ಅತ್ತಿಗೆ. ತಂದ ದಿನದಿಂದ ಹಾಕಿಲ್ಲ."

"ಹಾಗಾದ್ರೆ ನೀರಿಗೇ ಇಳಿಸಿಲ್ವೇನೋ," ಎಂದ ಕಿಸಾಬುರೊ.

"ಇಳಿಸಿದಾನೆ. ಈ ಪಕ್ಕೆ ನೋಡಿ, ಉಪ್ಪುಕಾಗದ ತಿಕ್ಕಿದ ಹಾಗಿದೆಯಲ್ಲ? ಅದು ಬಾಸ್ ಹಲ್ಲು. ಇಷ್ಟಗಲದ ಬಾಯಿ." ಅವನು ಎರಡೂ ಅಂಗೈ ಅಗಲಿಸಿ ತೋರಿಸಿದ. "ಇಲ್ಲೊಂದು. ಇಲ್ಲೊಂದು. ಬಾಲದ ಹತ್ರ ಲೆಕ್ಕ ಇಲ್ಲ. ನಾವೆಲ್ಲ ಜನ್ಮದಲ್ಲಿ ಒಂದು ಸಿಕ್ಕಿದ್ರೆ ಸಾಕು ಅನ್ನೋ ಗಾತ್ರದ ಮೀನು ಇದನ್ನ ಸಾಲಾಗಿ ಬಂದು ಕಚ್ಚಿವೆ. ಇವನು ಕೊಕ್ಕೆ ಇಲ್ದೆ ಕೂತಿದ್ನಾ?"

ಅವನು ಪೆಟ್ಟಿಗೆಯೊಳಗಿನ ಗೆಳೆಯನನ್ನು ಬಗ್ಗಿ ನೋಡಿದ. ಕೇಳಿದರೆ ಉತ್ತರ ಸಿಗಬಹುದೇನೋ ಎಂಬ ಹಾಗೆ ನೋಡಿದ. "ಯಾವಾಗ್ಲೂ ನಮ್ಮಿಂದ ದೂರ ಕೂರ್ತಿದ್ದ, ಇದನ್ನ ಯಾರಿಗೂ ಮುಟ್ಟೋಕೆ ಕೊಡ್ತಿರಲಿಲ್ಲ. ಕೇಳಿದ್ರೆ ತಪ್ಪಿಸ್ಕೊಂಡ್ತು ಅಂತಿದ್ದ. ನಾವು ಎಷ್ಟು ಆಡ್ಕೊಂಡಿದೀವಿ. ಕೈಲಾಗದವನು ಅಂತ ಅವನ ಎದುರಿಗೇ ಅಂದಿದೀನಿ."

ಉಳಿದವರಿಗೆ ಗೊತ್ತಿಲ್ಲದ್ದು ಹಿಸಯೊಗೆ ಗೊತ್ತಿತ್ತು. ಈ ಕ್ಷಣದವರೆಗೆ ಅದು ಗೊತ್ತಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

*

ಗಂಡ ಹೆಂಡತಿ ಇಬ್ಬರೂ ನಲವತ್ತು ದಾಟಿದ ಬೇಸಿಗೆ ಅದು. ಹಿಸಯೊ ತವರಿನ ಹಿತ್ತಲಲ್ಲಿ ಕೂತು ಉಪ್ಪಿನಲ್ಲಿಟ್ಟ ಫುನಾಗಳನ್ನು ತೊಳೆಯುತ್ತಿದ್ದಳು. ತೊಳೆದು, ಅನ್ನ ತುಂಬಿ, ಮರದ ತೊಟ್ಟಿಯಲ್ಲಿ ಒತ್ತಿ ಹುಳಿ ಬರಿಸಲು ಇಡಬೇಕು. ಪ್ರತಿ ವರ್ಷ ತೊಟ್ಟಿಗಳ ಸಾಲೇ ಇರುತ್ತಿತ್ತು. ಆ ವರ್ಷ ಒಂದು ತೊಟ್ಟಿಯ ತಳ ಮುಚ್ಚುವಷ್ಟು ಮೀನೂ ಇರಲಿಲ್ಲ. ಎಲ್ಲಿಂದಲೋ ತಂದು ಬಿಟ್ಟ ಬಾಸ್ ಸರೋವರವನ್ನೆಲ್ಲ ನುಂಗಿತ್ತು. ಅವಳ ಅಪ್ಪ ಬಲೆಗಳನ್ನು ಅಟ್ಟಕ್ಕೆ ಹಾಕಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದ.

ಆಗ ತೆತ್ಸುರೊ ಬಂದ. ವಾರವೆಲ್ಲ ಮನೆ ಮನೆ ತಿರುಗಿ ನೀರಿನ ಮೀಟರ್ ಓದುವ ಮನುಷ್ಯ. ಅವನ ಮುಖದಲ್ಲಿ ಅಷ್ಟು ಖುಷಿಯನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

"ಇಷ್ಟು ದೊಡ್ಡ ಬಾಸ್, ಹಿಸಯೊ. ನನ್ನನ್ನೇ ನೋಡ್ತಿತ್ತು. ಆಮೇಲೆ ನೀರಿಗೆ ಬಿಟ್ಟೆ, ಗಂಭೀರವಾಗಿ ಹೋಯ್ತು."

"ಬಿಟ್ರಾ?"

ಚಾಕು ಅವಳ ಕೈಯಲ್ಲೇ ಇತ್ತು. "ನಮ್ಮಪ್ಪನ್ನ ಆ ಗೋಡೆ ಕಡೆ ತಿರುಗಿಸಿದ ಮೀನನ್ನ ಬಿಟ್ಟು ಬಂದು ನನ್ನ ಹತ್ರ ಸಂತೋಷ ಹೇಳ್ತೀರಾ? ಕೇಳಿ ಇಲ್ಲಿ. ನಿಮ್ಮ ಕೊಕ್ಕೆಗೆ ಬಿದ್ದ ಬಾಸ್ ಇನ್ನೊಂದು ಸಲ ಜೀವಂತ ನೀರಿಗೆ ಹೋದ್ರೆ, ನೀವು ಮನೆಗೆ ಬರಬೇಡಿ."

ಅವನು ತೊಟ್ಟಿಯೊಳಗೆ ಬಗ್ಗಿ ನೋಡಿದ. ಇರುವೆ ಕಂಡರೂ ದಾಟಿ ಹೆಜ್ಜೆ ಇಡುವವನು.

"ಆಗ್ಲಿ," ಎಂದ. "ನನ್ನ ಕೊಕ್ಕೆಗೆ ಬಿದ್ದದ್ದು ವಾಪಸ್ ಹೋಗಲ್ಲ."

ಆ ವಾರವೇ ಮುದುಕನ ಚೀಟಿಯಲ್ಲಿ ಅವನ ಹೆಸರು ಬಂದ ಸುದ್ದಿ ಬಂತು. ಭಾನುವಾರಗಳು ನಿಲ್ಲಲಿಲ್ಲ. ಅವನು ಒದ್ದೆ ಬೂಟು ಕಳಚುವಾಗ ಅವಳು ಒಳಗಿನಿಂದಲೇ "ಸಿಕ್ತಾ?" ಎನ್ನುತ್ತಿದ್ದಳು, ಅವನು "ಇಲ್ಲ, ಹೋಯ್ತು" ಎನ್ನುತ್ತಿದ್ದ. ಅವಳು ಮೂಗಿನಲ್ಲೇ ನಗುತ್ತಿದ್ದಳು. ಕೆಲವೊಮ್ಮೆ ಅವನು, ಒಂದು ಸಲ ನೀನೂ ಬಾ, ಬೆಳಗಿನ ಹೊತ್ತು ಚೆನ್ನಾಗಿರುತ್ತೆ ಎಂದು ಕರೆಯುತ್ತಿದ್ದ. ಆ ಮೀನಿನ ಮುಖ ನಾನು ನೋಡಲ್ಲ ಎನ್ನುತ್ತಿದ್ದಳು. ಆಮೇಲೆ ಕರೆಯುವುದನ್ನು ಬಿಟ್ಟ.

*

"ನಾನೇ ಹೇಳಿದ್ದು," ಎಂದಳು ಹಿಸಯೊ. ಅವಳ ದನಿ ಯಾರದೋ ದನಿಯಂತೆ ಕೇಳಿತು. "ಕೊಕ್ಕೆಗೆ ಬಿದ್ದದ್ದನ್ನ ಬಿಡಬೇಡಿ ಅಂದಿದ್ದೆ. ಕೊಲ್ಲೋಕೆ ಅವರಿಗೆ ಆಗಲಿಲ್ಲ. ಅದಕ್ಕೆ ಕೊಕ್ಕೆನೇ ತೆಗೆದುಬಿಟ್ರು."

ಹೂವು ಹಿಡಿದವರು ಹೂವು ಹಿಡಿದುಕೊಂಡೇ ನಿಂತಿದ್ದರು.

"ಸರ್ಕಾರದ ನಿಯಮಾನೂ ಹಾಗೇ ಇದೆ ಅತ್ತಿಗೆ, ಹಿಡಿದದ್ದನ್ನ ವಾಪಸ್ ಬಿಡೋ ಹಾಗಿಲ್ಲ," ಎಂದ ಒಕುಮುರ, ಅವಳ ಭಾರ ಸ್ವಲ್ಪ ಇಳಿಯಲಿ ಎಂದು. "ನಾವೆಲ್ಲ ಆ ಕಡೆ ಈ ಕಡೆ ನೋಡಿ..." ಕಿಸಾಬುರೊ ದುರುಗುಟ್ಟಿದ್ದು ಕಂಡು ಮಾತು ನುಂಗಿಕೊಂಡ.

"ಒಂದು ಮಾತು ಅಂದಿದ್ದೆ," ಎಂದಳು ಅವಳು ಮತ್ತೆ. "ಸಿಟ್ಟಲ್ಲಿ ಬಾಯಿಗೆ ಬಂದದ್ದು. ಮಾರನೇ ದಿನ ನನಗೇ ನೆನಪಿರಲಿಲ್ಲ. ಇಪ್ಪತ್ತು ವರ್ಷ ಪಾಲಿಸ್ತಾರಾ ಯಾರಾದ್ರೂ? ಹೇಳಬಾರದಿತ್ತಾ? ನಾನು ದಿನಾ ನಗ್ತಿದ್ದೆನಲ್ಲ." ಸಿಟ್ಟು ಎಲ್ಲಿ ಹೋಯಿತೆಂದು ಹುಡುಕುವವಳಂತೆ ಅವಳು ಸುತ್ತ ನೋಡಿದಳು. ಅದಿಲ್ಲದೆ ಅವಳಿಗೆ ನಿಲ್ಲಲಾಗುತ್ತಿರಲಿಲ್ಲ. ಪೆಟ್ಟಿಗೆಯ ಅಂಚು ಹಿಡಿದುಕೊಂಡಳು.

ಕಿಸಾಬುರೊ ಕೈಯಲ್ಲಿದ್ದ ಸೇವಂತಿಗೆಯ ದಂಟು ತಿರುವುತ್ತಿದ್ದ. ಬಾಸ್ ಹಿಡಿಯುವ ಭಾವನ ಜೊತೆ ಅವನು ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ನಾನು ನೋಡಿದೀನಿ," ಎಂದ ಕಡೆಗೆ. "ಬಲೆ ಎತ್ತೋಕೆ ಹೋಗುವಾಗ ದಿನಾ ಕಾಣ್ತಿತ್ತು. ನೀರೊಳಗಿಂದ ಎದ್ದು ಬರ್ತಿತ್ತು ದೊಡ್ಡದೊಂದು. ಇದನ್ನ ಬಾಯಲ್ಲಿ ಇಟ್ಕೊಂಡು ಒಂದು ಗಳಿಗೆ ಹಾಗೇ ನಿಲ್ತಿತ್ತು, ಆಮೇಲೆ ಉಗಿದು ಹೋಗ್ತಿತ್ತು. ಭಾವ ಎದ್ದು ನಿಂತು ಟೋಪಿ ತೆಗೀತಿದ್ದ. ನನಗೇ ನಮಸ್ಕಾರ ಮಾಡ್ತಾನೆ ಅಂದ್ಕೊಂಡಿದ್ದೆ ಕಣೆ. ಮಾತು ಬಿಟ್ರೂ ಮರ್ಯಾದೆ ಬಿಟ್ಟಿಲ್ಲ ಅಂತ. ನಾನೂ ಕೈ ಎತ್ತುತ್ತಿದ್ದೆ. ಮೊನ್ನೆ ಕೈ ಎತ್ತಿದೆ, ಅವನು ಏಳಲಿಲ್ಲ."

ಅವನು ಮುಖ ತಿರುಗಿಸಿಕೊಂಡ. ಇಷ್ಟು ವರ್ಷ ತಾನು ಕೈ ಎತ್ತಿದ್ದು ಯಾರಿಗೆ ಎಂದು ಅವನಿಗೀಗ ತಿಳಿಯದಾಗಿತ್ತು.

ಮೇಲ್ವಿಚಾರಕಿ ಗಡಿಯಾರ ನೋಡಿದಳು, ನೋಡಿದ್ದಕ್ಕೆ ತಾನೇ ನಾಚಿಕೊಂಡಳು. ಒಕುಮುರ ಇಕ್ಕಳವನ್ನು ಮೇಜಿನ ಮೇಲಿಟ್ಟ.

"ಇನ್ನು ಬೇಡ ಅಲ್ವಾ ಅತ್ತಿಗೆ? ಇದನ್ನ ಉಳಿಸ್ಕೊಳ್ಳೋಣ. ನಾನು ಜೋಪಾನವಾಗಿ ಇಟ್ಕೋತೀನಿ. ಬೇಕಾದ್ರೆ ಅವನ ಪಟದ ಮುಂದೇನೇ ಇಡಿ."

ಹಿಸಯೊ ಅವನನ್ನು ನೋಡಿದಳು. "ನಿಮ್ಮ ಕೈಗೆ ಕೊಟ್ರೆ ಕೊಕ್ಕೆ ಹಾಕ್ತೀರಾ?"

ಒಕುಮುರ ಸುಳ್ಳು ಹೇಳಬಹುದಿತ್ತು. ಹೆಣದ ಮುಂದೆ ಅವನಿಗೆ ನಾಲಿಗೆ ಬರಲಿಲ್ಲ. "ಹಾಕ್ತೀನಿ," ಎಂದ.

"ಹಾಗಾದ್ರೆ ಬಿಚ್ಚಿ."

ಅವನು ಬಿಚ್ಚಿದ. ಕೀಲಿನ ಮೊಳೆಗಳನ್ನು ಒಂದೊಂದಾಗಿ ಎಳೆದ, ಬಳೆಗಳನ್ನು ತಿರುಚಿ ತೆಗೆದ, ದಾರ ಸುತ್ತಿದ ಗುಂಡುಗಳನ್ನು ಪಕ್ಕಕ್ಕಿಟ್ಟ. ಹೊಟ್ಟೆಯೊಳಗೆ ಹುದುಗಿಸಿದ್ದ ಸೀಸವನ್ನು ತೆಗೆಯಲು ಬಣ್ಣದ ಮೇಲೆ ಚೂರಿ ಇಡುವಾಗ ಮಾತ್ರ ಗಳಗಳನೆ ಅತ್ತ. ಅತ್ತದ್ದು ಗೆಳೆಯನಿಗೋ ಮೀನಿಗೋ ಎಂದು ಅಲ್ಲಿ ಯಾರೂ ವಿಚಾರಿಸಲಿಲ್ಲ. ಮೂರು ತುಂಡು ಬರೀ ಮರ ಉಳಿಯಿತು. ಈ ಸಲ ಅವು ಸಲೀಸಾಗಿ ಹಿಡಿಸಿದವು. ಬಾಲ, ನಡು ಕೈಯ ಪಕ್ಕಕ್ಕೆ. ತಲೆಯನ್ನು ಹಿಸಯೊ ಗಂಡನ ಗಲ್ಲದ ಹತ್ತಿರ, ಅವನ ಮುಖಕ್ಕೆ ಎದುರಾಗಿ ಇಟ್ಟಳು. ಮೇಲೆ ಹೂವು ಬಿತ್ತು. ಮುಚ್ಚಳ ಬಿತ್ತು.

ಚಿತಾಗಾರ ಗುಡ್ಡದ ಮೇಲಿದೆ. ಉಕ್ಕಿನ ಬಾಗಿಲುಗಳ ಸಾಲು, ಕನ್ನಡಿಯಂತೆ ಒರೆಸಿದ ನೆಲ. ಬೌದ್ಧ ಗುರು ಮಂತ್ರ ಮುಗಿಸಿದ. ಬಿಳಿ ಕೈಗವುಸಿನ ನೌಕರ ಪೆಟ್ಟಿಗೆಯನ್ನು ಹಳಿಯ ಮೇಲೇರಿಸಿ, ಇದು ಕೊನೆಯ ವಿದಾಯ ಎಂದು ಹೇಳಿ, ತಾನೇ ಮೊದಲು ಸೊಂಟ ಬಗ್ಗಿಸಿದ. ಬಾಗಿಲು ತೆರೆಯಿತು. ಎಲ್ಲರೂ ಕೈ ಜೋಡಿಸಿ ತಲೆ ತಗ್ಗಿಸಿದರು, ಆ ಬಾಗಿಲಿನೊಳಗೆ ನೋಡುವ ಧೈರ್ಯ ಯಾರಿಗೂ ಇರುವುದಿಲ್ಲ.

ಕಿಸಾಬುರೊ ಪಕ್ಕಕ್ಕೆ ಕಣ್ಣು ಹಾಯಿಸಿದ. ತಂಗಿಯ ತೋಳು ಜಗ್ಗಿದ.

"ತಲೆ ಬಗ್ಗಿಸು, ಹಿಸಯೊ."

"ಸುಮ್ನಿರಣ್ಣ. ಅವರು ಕರೆದಾಗ ಹೋಗಿ ನೋಡಲಿಲ್ಲ. ಈಗ ನೋಡಬೇಕು."

ಬಗ್ಗಿದ ಕಪ್ಪು ಬೆನ್ನುಗಳ ನಡುವೆ ಅವಳೊಬ್ಬಳು ತುದಿಗಾಲಲ್ಲಿ ನಿಂತಿದ್ದಳು. ಪೆಟ್ಟಿಗೆ ಒಳಗೆ ಸರಿಯಿತು, ಉಕ್ಕಿನ ಬಾಗಿಲು ಇಳಿಯತೊಡಗಿತು. ಸಂದು ಕಿರಿದಾದ ಹಾಗೆಲ್ಲ ಅವಳು ಕುತ್ತಿಗೆ ಚಾಚಿದಳು, ಮಂಡಿ ಬಗ್ಗಿಸಿದಳು, ಕಡೆಗೆ ಶೋಕದ ಕಿಮೊನೊದಲ್ಲೇ ನೆಲಕ್ಕೆ ಕೂತು ಕೆನ್ನೆಯನ್ನು ಆ ತಣ್ಣನೆಯ ನೆಲಕ್ಕೆ ತಾಗಿಸಿ, ರೆಪ್ಪೆ ಬಡಿಯದೆ, ಬೆರಳಗಲದ ಕತ್ತಲೆಯೊಳಗೆ ನೋಡುತ್ತಲೇ ಇದ್ದಳು.